ಕೊಡಗಿನ ಮಳೆಗೆ ಯಾವ ಗಾಜು ತಾಳುತ್ತೆ? ದೂರದರ್ಶಕದ ಲೆನ್ಸ್ ಬಗ್ಗೆ ಮೇಷ್ಟ್ರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ನಾಪೋಕ್ಲು ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳ ಜೊತೆ ಸೇರಿ ಒಂದು ದೂರದರ್ಶಕ ಮಾಡಬೇಕು ಅಂತ ಆಸೆ. ಲೆನ್ಸನ್ನೂ ನಾವೇ ಉಜ್ಜಿ ಮಾಡಬೇಕು. 100 ಮಿ.ಮೀ. ವ್ಯಾಸ, 800 ಮಿ.ಮೀ. ಸಂಗಮದೂರ, ಎರಡು ಗಾಜಿನ ಲೆನ್ಸ್ ಅಂತ ಇಟ್ಟುಕೊಂಡಿದ್ದೇನೆ. ಎಲ್ಲರೂ ಹೇಳುವ ಎನ್-ಬಿಕೆ7 ಮತ್ತು ಎಫ್2 ಅನ್ನುವ ಗಾಜುಗಳ ಜೋಡಿಗೆ ಲೆಕ್ಕ ಹಾಕಿದರೆ ಮುಂದಿನ ಗಾಜಿನ ಬಾಗು 358 ಮಿ.ಮೀ. ತ್ರಿಜ್ಯ ಬರುತ್ತೆ. ಕ್ಯಾಟಲಾಗ್ ಹುಡುಕಿ ಎನ್-ಎಸ್‌ಕೆ16 ಮತ್ತು ಎನ್-ಎಸ್‌ಎಫ್11 ಹಾಕಿದರೆ 570 ಬರುತ್ತೆ. ಬಾಗು ಕಡಿಮೆ, ಉಜ್ಜುವ ಕೆಲಸ ಕಡಿಮೆ. ಇಂಡೆಕ್ಸ್ (ಬೆಳಕನ್ನು ಬಾಗಿಸುವ ಅಳತೆ) ಕೂಡ ಜಾಸ್ತಿ. ಇದೇ ಒಳ್ಳೆಯದು ಅಲ್ವಾ? ಆದರೆ ಒಬ್ಬ ಸ್ನೇಹಿತರು 'ಇಡಿ (ED) ಗಾಜು, ಅಂದರೆ ಬಣ್ಣ ತೀರಾ ಕಡಿಮೆ ಚದುರಿಸುವ ಗಾಜು, ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ' ಅಂತಾರೆ. ಇನ್ನೊಬ್ಬರು 'ಎಫ್2ನಲ್ಲಿ ಸೀಸ ಇದೆ, ಅದನ್ನು ಬ್ಯಾನ್ ಮಾಡಿದ್ದಾರೆ, ಮಕ್ಕಳ ಕೈಗೆ ಕೊಡಬೇಡಿ' ಅಂತಾರೆ. ಕುಶಾಲನಗರದ ಗಾಜಿನ ಅಂಗಡಿಯಲ್ಲಿ ದಪ್ಪ ಗಾಜು ಸಿಗುತ್ತೆ, ಅದು ಆಗಲ್ವಾ? ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದ ತನಕ ಎಲ್ಲಕ್ಕೂ ಬೂಷ್ಟು. ಬೂಷ್ಟು ಹಿಡಿಯದ ಗಾಜು ಅಂತ ಇದೆಯಾ? ತೋಟದ ಅಂಚಿಗೆ ಬರುವ ಆನೆಯನ್ನೂ ಇದರಲ್ಲೇ ನೋಡಬಹುದಾ? ಕಕ್ಕಡ ತಿಂಗಳ ಮಳೆಯಲ್ಲೇ ಕೆಲಸ ಶುರು ಮಾಡಿದರೆ ತೊಂದರೆಯೇ?

ಉತ್ತರ: ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ನಾನೂ ಒಂದು ಸಲ ಹಾಕಿ ನೋಡಿದೆ. 358 ಸರಿ, 570 ಕೂಡ ಸರಿ. ಅಂಚಿನಿಂದ ನಡುವಿನ ತನಕ ಬಾಗಿನ ಆಳ ನೋಡಿದರೆ ಮೊದಲನೆಯದಕ್ಕೆ 3.5 ಮಿ.ಮೀ., ಎರಡನೆಯದಕ್ಕೆ 2.2 ಮಿ.ಮೀ. ಕೈಯಲ್ಲಿ ಉಜ್ಜುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ, ಭುಜ ನೋಯುವ ದಿನಗಳ ಲೆಕ್ಕ ಅದು. ಹಾಗಾಗಿ ನಿಮ್ಮ ಯೋಚನೆಯಲ್ಲಿ ತಪ್ಪಿಲ್ಲ. ಆದರೂ ಆ ಜೋಡಿ ಬೇಡ ಅಂತೀನಿ. ಒಂದು ಕಾರಣ ಬಣ್ಣದ್ದು, ಇನ್ನೊಂದು ನಿಮ್ಮ ಊರಿನದು.

ಮೊದಲು ಇಂಡೆಕ್ಸ್ ವಿಷಯ ಮುಗಿಸೋಣ. ವಕ್ರೀಭವನ ಸೂಚ್ಯಂಕ ಜಾಸ್ತಿ ಇದ್ದರೆ ಗಾಜು ಒಳ್ಳೆಯದು ಅನ್ನುವ ನಂಬಿಕೆ ಕನ್ನಡಕದ ಅಂಗಡಿಯಿಂದ ಬಂದದ್ದು. ಅಲ್ಲಿ 1.67 ಅಂದರೆ ತೆಳ್ಳಗೆ, ಹಗುರ, ಬೆಲೆಯೂ ಜಾಸ್ತಿ. ಆದ್ದರಿಂದ ಅದೇ ಮೇಲು ಅನಿಸುತ್ತೆ. ನಿಮ್ಮ ಶಾಲೆಯಲ್ಲಿ ಯಾರಾದರೂ ಜಾಸ್ತಿ ಪವರಿನ ತೆಳು ಕನ್ನಡಕ ಹಾಕುವವರಿದ್ದರೆ ಕೇಳಿ ನೋಡಿ. ಕನ್ನಡಕದ ಅಂಚಿನಿಂದ ಓರೆಯಾಗಿ ಟ್ಯೂಬ್‌ಲೈಟ್ ನೋಡಿದರೆ ದೀಪದ ಒಂದು ಬದಿಗೆ ನೀಲಿ ಗೆರೆ, ಇನ್ನೊಂದು ಬದಿಗೆ ಕಿತ್ತಳೆ ಗೆರೆ ಕಾಣುತ್ತೆ. ಹಳೆಯ ಸಾದಾ ಪ್ಲಾಸ್ಟಿಕ್ ಲೆನ್ಸಿನಲ್ಲಿ ಇದು ಅಷ್ಟಾಗಿ ಕಾಣಲ್ಲ. ಸಾದಾ ಪ್ಲಾಸ್ಟಿಕ್ಕಿನ ಆಬೆ ಸಂಖ್ಯೆ 58ರ ಹತ್ತಿರ, 1.67ರದ್ದು 32ರ ಆಸುಪಾಸು. ಆಬೆ ಸಂಖ್ಯೆ ಅಂದರೆ ಗಾಜು ಬಣ್ಣಗಳನ್ನು ಎಷ್ಟು ಕಡಿಮೆ ಚದುರಿಸುತ್ತೆ ಅನ್ನುವ ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಚದುರುವುದು ಕಡಿಮೆ.

ಕ್ಯಾಟಲಾಗಿನಲ್ಲಿ ಗಾಜಿನ ಹೆಸರಿನ ಪಕ್ಕ ಆರು ಅಂಕಿಯ ಒಂದು ಸಂಖ್ಯೆ ಇರುತ್ತೆ, ಗಮನಿಸಿದ್ದೀರಾ? ಎನ್-ಬಿಕೆ7ಗೆ 517642. ಮೊದಲ ಮೂರು ಅಂಕಿ ಇಂಡೆಕ್ಸ್ 1.517, ಕೊನೆಯ ಮೂರು ಆಬೆ ಸಂಖ್ಯೆ 64.2. ಇದನ್ನು ಓದಲು ಬಂದರೆ ಶಾಟ್ ಆಗಲಿ, ಒಹಾರಾ ಆಗಲಿ, ಹೋಯಾ ಆಗಲಿ, ಚೀನಾದ ಸಿಡಿಜಿಎಂ ಆಗಲಿ, ಯಾವ ಕಂಪನಿಯ ಗಾಜು ಯಾವುದಕ್ಕೆ ಸಮ ಅಂತ ತಕ್ಷಣ ಗೊತ್ತಾಗುತ್ತೆ. ಒಹಾರಾದ ಎಸ್-ಬಿಎಸ್‌ಎಲ್7, ಸಿಡಿಜಿಎಂನ ಎಚ್-ಕೆ9ಎಲ್ ಎರಡೂ ಬಿಕೆ7ರ ಅಣ್ಣತಮ್ಮಂದಿರೇ. ಅಂಗಡಿಯವರು 'ಬಿಕೆ7 ಇಲ್ಲ, ಕೆ9 ಇದೆ' ಅಂದರೆ ಗಾಬರಿ ಬೇಡ.

ಎರಡು ಗಾಜು ಯಾಕೆ ಬೇಕು ಅನ್ನುವುದನ್ನು ಮಕ್ಕಳಿಗೆ ತೋರಿಸಲು ಒಂದು ಸುಲಭದ ದಾರಿ ಇದೆ. ಕಾಫಿ ಕಣದಲ್ಲಿ ಬಿಸಿಲಿಗೆ ನಿಂತು ಭೂತಗನ್ನಡಿಯಿಂದ ಕಾಗದದ ಮೇಲೆ ಸೂರ್ಯನ ಚುಕ್ಕೆ ಬೀಳಿಸಿ. ಕಾಗದವನ್ನು ಸರಿಯಾದ ಜಾಗಕ್ಕಿಂತ ಲೆನ್ಸಿನ ಹತ್ತಿರ ತಂದರೆ ಬಿಳಿ ವೃತ್ತದ ಅಂಚು ಕೆಂಪು ಕಿತ್ತಳೆ. ದೂರ ಸರಿಸಿದರೆ ಅಂಚು ನೀಲಿ. ನೀಲಿ ಬಣ್ಣ ಬೇಗ ಸೇರುತ್ತೆ, ಕೆಂಪು ತಡವಾಗಿ ಸೇರುತ್ತೆ, ಅದಕ್ಕೇ ಹೀಗೆ. (ಮಕ್ಕಳು ಲೆನ್ಸಿನ ಮೂಲಕ ಸೂರ್ಯನನ್ನು ನೋಡದ ಹಾಗೆ ನೋಡಿಕೊಳ್ಳಿ. ನಿಮಗೆ ಹೇಳಬೇಕಿಲ್ಲ, ಆದರೂ.) ನಿಮ್ಮ 800 ಮಿ.ಮೀ. ಲೆನ್ಸನ್ನು ಬಿಕೆ7ನಿಂದ ಒಂಟಿಯಾಗಿ ಮಾಡಿದರೆ ಕೆಂಪು ಮತ್ತು ನೀಲಿ ಸೇರುವ ಜಾಗಗಳ ನಡುವೆ 12.5 ಮಿ.ಮೀ. ಅಂತರ. 800ನ್ನು 64ರಿಂದ ಭಾಗಿಸಿದ್ದು, ಅಷ್ಟೇ. ಚಂದ್ರ ನೋಡಿದರೆ ಹೋಳಿ ಆಡಿದ ಹಾಗಿರುತ್ತೆ.

ಇದನ್ನು ಸರಿಪಡಿಸಲು ಸಾಧ್ಯವೇ ಇಲ್ಲ ಅಂತ ನ್ಯೂಟನ್ನೇ ನಂಬಿದ್ದ. 1730ರ ದಶಕದಲ್ಲಿ ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲ ಎರಡು ಬೇರೆ ಬೇರೆ ಗಾಜು ಜೋಡಿಸಿ ಮಾಡಿ ತೋರಿಸಿದ. 1758ರಲ್ಲಿ ಜಾನ್ ಡೊಲಾಂಡ್ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಉಪಾಯ ಸರಳ. ಕಡಿಮೆ ಚದುರಿಸುವ, ಬಿಕೆ7ನಂಥ ಕ್ರೌನ್ ಗಾಜಿನಿಂದ ಬಲವಾದ ಪೀನ ಲೆನ್ಸ್. ಅದರ ಹಿಂದೆ ಜಾಸ್ತಿ ಚದುರಿಸುವ, ಎಫ್2ನಂಥ ಫ್ಲಿಂಟ್ ಗಾಜಿನಿಂದ ಸ್ವಲ್ಪ ದುರ್ಬಲವಾದ ನಿಮ್ನ ಲೆನ್ಸ್. ಚದುರುವಿಕೆ ಒಂದನ್ನೊಂದು ಕಳೆಯುತ್ತೆ, ಸೇರಿಸುವ ಶಕ್ತಿ ಸ್ವಲ್ಪ ಉಳಿಯುತ್ತೆ. ಉಳಿದದ್ದೇ ನಿಮ್ಮ ಲೆನ್ಸ್.

ಅಂದರೆ ಗಾಜನ್ನು ಒಂಟಿಯಾಗಿ ಆರಿಸಲು ಬರುವುದಿಲ್ಲ. ಮದುವೆ ಮಾಡುವ ಹಾಗೆ, ಜೋಡಿ ನೋಡಬೇಕು. ಎರಡರ ಆಬೆ ಸಂಖ್ಯೆಗಳ ಅಂತರ ಜಾಸ್ತಿ ಇದ್ದಷ್ಟೂ ಬಾಗು ಕಡಿಮೆ ಸಾಕು. ನೀವು ಕಂಡುಕೊಂಡದ್ದು ಇದನ್ನೇ. ಬಿಕೆ7 ಮತ್ತು ಎಫ್2 ನಡುವಿನ ಅಂತರ 27.8. ನಿಮ್ಮ ಎಸ್‌ಕೆ16 ಮತ್ತು ಎಸ್‌ಎಫ್11 ನಡುವೆ 34.6.

ಇಲ್ಲೊಂದು ಎಡವಟ್ಟಿದೆ. ಈ ಲೆಕ್ಕ ಎರಡೇ ಬಣ್ಣಗಳನ್ನು ಒಂದೇ ಜಾಗಕ್ಕೆ ತರುತ್ತೆ, ಕೆಂಪು ಮತ್ತು ನೀಲಿ. ನಡುವಿನ ಹಸಿರು ಹಳದಿ ಸ್ವಲ್ಪ ಮುಂದೆ, ಲೆನ್ಸಿನ ಹತ್ತಿರ ಸೇರುತ್ತೆ, ನೀಲಿಯಾಚೆಯ ನೇರಳೆ ಹಿಂದೆ ಉಳಿಯುತ್ತೆ. ನಿಮ್ಮ ಲೆಕ್ಕದಲ್ಲಿ ನೇರಳೆ ಇಲ್ಲವೇ ಇಲ್ಲ. ಪರೀಕ್ಷೆಗೆ ಬಾರದ ಹುಡುಗ ಫೇಲ್ ಆಗಿಲ್ಲ ಅಂದ ಹಾಗೆ! 435.8 ನ್ಯಾನೊಮೀಟರಿನ ನೇರಳೆಯನ್ನು ಸೇರಿಸಿ ನೋಡಿ. ಬಿಕೆ7 ಎಫ್2 ಜೋಡಿಯಲ್ಲಿ ಅದು ಸುಮಾರು 1.4 ಮಿ.ಮೀ. ಹಿಂದೆ ಬೀಳುತ್ತೆ. ನಿಮ್ಮ ಹೊಸ ಜೋಡಿಯಲ್ಲಿ 1.7 ಮಿ.ಮೀ. ಅಂದರೆ ಇಂಡೆಕ್ಸ್ ಜಾಸ್ತಿ, ಬಾಗು ಕಡಿಮೆ, ಆದರೆ ಗುರು ಗ್ರಹದ ಸುತ್ತ ನೇರಳೆ ಹೊಗೆ ಮೊದಲಿಗಿಂತ ಜಾಸ್ತಿ. ಭಾರದ ಫ್ಲಿಂಟ್ ಗಾಜುಗಳ ಗುಣವೇ ಇದು. ಅವು ನೀಲಿ ನೇರಳೆಯ ಕಡೆ ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತವೆ.

ಇನ್ನು ಊರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪುಸ್ತಕದ ಲೆಕ್ಕದಲ್ಲಿ ಇದು ಬರುವುದಿಲ್ಲ.

ಶಾಟ್ ಕ್ಯಾಟಲಾಗಿನ ಪ್ರತಿ ಗಾಜಿನ ಹಾಳೆಯ ಕೆಳಗೆ ಐದು ಸಣ್ಣ ಸಂಖ್ಯೆಗಳಿರುತ್ತವೆ. ಲೆನ್ಸ್ ವಿನ್ಯಾಸ ಕಲಿಯುವವರು ಅವನ್ನು ಹಾರಿಸಿಬಿಡುತ್ತಾರೆ. ನಾನೂ ಹಾರಿಸುತ್ತಿದ್ದೆ. ಅದರಲ್ಲಿ ಮೊದಲನೆಯದು ಹವಾಮಾನ ತಾಳುವ ಶಕ್ತಿ, 1ರಿಂದ 4ರ ತನಕ. ಎರಡನೆಯದು ಕಲೆ ಹಿಡಿಯುವ ಗುಣ, 0ಯಿಂದ 5ರ ತನಕ. ಎರಡರಲ್ಲೂ ಸಂಖ್ಯೆ ಏರಿದಷ್ಟೂ ಗಾಜು ನಾಜೂಕು. ಎನ್-ಬಿಕೆ7ಗೆ 1 ಮತ್ತು 0. ಎಫ್2ಗೂ 1 ಮತ್ತು 0. ಎನ್-ಎಸ್‌ಎಫ್11ಗೂ ಹಾಗೇ. ನೀವು ಆರಿಸಿದ ಎನ್-ಎಸ್‌ಕೆ16ಕ್ಕೆ 4 ಮತ್ತು 4.

ಹವಾಮಾನದ ಪರೀಕ್ಷೆ ಹೇಗೆ ಮಾಡುತ್ತಾರೆ ಗೊತ್ತಾ? ಪಾಲಿಶ್ ಮಾಡಿದ ಗಾಜನ್ನು ನೀರಾವಿ ತುಂಬಿದ ಪೆಟ್ಟಿಗೆಯಲ್ಲಿಟ್ಟು 40ರಿಂದ 50 ಡಿಗ್ರಿ ನಡುವೆ ಉಷ್ಣತೆಯನ್ನು ಏರಿಸಿ ಇಳಿಸುತ್ತಾರೆ. ಗಾಜಿನ ಮೇಲೆ ಹನಿ ಕಟ್ಟುತ್ತೆ, ಆರುತ್ತೆ, ಮತ್ತೆ ಕಟ್ಟುತ್ತೆ. 30 ಗಂಟೆ ಹೀಗೆ. ಅವರ ಪೆಟ್ಟಿಗೆಯಷ್ಟು ಬಿಸಿ ನಮ್ಮಲ್ಲಿ ಇಲ್ಲ, ನಿಜ. ಆದರೆ ಅವರದ್ದು 30 ಗಂಟೆ, ನಮ್ಮದು ಜೂನ್‌ನಿಂದ ಸೆಪ್ಟೆಂಬರ್.

ಎಸ್‌ಕೆ16 ಬಗ್ಗೆ ನನಗೆ ಸ್ವಂತ ಅನುಭವ ಇದೆ, ತಪ್ಪು ನನ್ನದೇ. ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆನ್ಸ್ ವಿನ್ಯಾಸ ಮಾಡುತ್ತಿದ್ದಾಗ ಈ ಗಾಜಿನ ನಾಲ್ಕು ಲೆನ್ಸ್ ಪಾಲಿಶ್ ಆಗಿ ಬಂದಿದ್ದವು. ಶುಕ್ರವಾರ ಸಂಜೆ. ಅಳತೆ ನೋಡಿ, ಒದ್ದೆ ಟಿಶ್ಯೂ ಸುತ್ತಿ ಡ್ರಾಯರಿನಲ್ಲಿಟ್ಟು ಬಸ್ ಹಿಡಿಯಲು ಓಡಿದೆ. ಸೋಮವಾರ ಬಿಚ್ಚಿದರೆ ಗಾಜಿನ ಮೇಲೆ ಪೆಟ್ರೋಲ್ ಬಿದ್ದ ನೀರಿನ ಹಾಗೆ ತೆಳು ನೀಲಿ ಬಣ್ಣ. ಒರೆಸಿದೆ, ಹೋಗಲಿಲ್ಲ. ಅಂಟಿದ ಕೊಳೆಯಾಗಿದ್ದರೆ ಹೋಗುತ್ತಿತ್ತು, ಆದರೆ ಗಾಜಿನ ಮೇಲ್ಪದರವೇ ಬದಲಾಗಿತ್ತು. ನಾಲ್ಕನ್ನೂ ಮತ್ತೆ ಪಾಲಿಶ್ ಮಾಡಬೇಕಾಯಿತು. ಪಾಲಿಶ್ ಮಾಡುವ ಹಿರಿಯರು ಏನೂ ಬೈಯಲಿಲ್ಲ. ಆಮೇಲಿಂದ ಹೊಸ ವಿನ್ಯಾಸ ಕೊಟ್ಟಾಗಲೆಲ್ಲ 'ಇದು ಒದ್ದೆ ಬಟ್ಟೆ ಗಾಜಾ?' ಅಂತ ಕೇಳುತ್ತಿದ್ದರು, ಅಷ್ಟೇ.

ಹಾಗಂತ ಎಸ್‌ಕೆ16 ಕೆಟ್ಟ ಗಾಜಲ್ಲ. ಕ್ಯಾಮೆರಾ ಲೆನ್ಸಿನ ಒಳಗೆ, ನಾಲ್ಕೂ ಕಡೆ ಮುಚ್ಚಿ, ಲೇಪನ ಹಾಕಿ ಕೂರಿಸಿದರೆ ಬಂಗಾರದಂಥ ಗಾಜು. ದೂರದರ್ಶಕದಲ್ಲಿ ಅದು ಎಲ್ಲಕ್ಕಿಂತ ಮುಂದೆ, ಮಂಜಿಗೆ ಮುಖ ಕೊಟ್ಟು ಕೂರುತ್ತೆ. ಅದೂ ಶಾಲೆಯ ಮಕ್ಕಳು ಬೆರಳಿಡುವ ಜಾಗದಲ್ಲಿ. ಅಲ್ಲಿಗೆ ಅದು ಬೇಡ.

ಬೂಷ್ಟಿನ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ, ಆದರೆ ಜನ ಅಂದುಕೊಂಡ ಹಾಗಲ್ಲ. ಬೂಷ್ಟು ಹಿಡಿಯದ ಗಾಜು ಅಂತ ಯಾವುದೂ ಇಲ್ಲ. ಬೂಷ್ಟು ಗಾಜನ್ನು ತಿಂದು ಬದುಕುವುದಿಲ್ಲ. ಗಾಜಿನ ಮೇಲಿನ ಬೆರಳಿನ ಜಿಡ್ಡು, ದೂಳು, ಹಳೆಯ ಎಣ್ಣೆ, ಇವುಗಳ ಮೇಲೆ ಬದುಕುತ್ತೆ. ಬದುಕುವಾಗ ಆಮ್ಲ ಬಿಡುತ್ತೆ. ಆ ಆಮ್ಲ ಗಾಜನ್ನು ಕೊರೆಯುತ್ತೆ. ಗಟ್ಟಿ ಗಾಜಾದರೆ ಬೂಷ್ಟು ಒರೆಸಿದ ಮೇಲೆ ಗುರುತು ಉಳಿಯದಿರುವ ಸಾಧ್ಯತೆ ಜಾಸ್ತಿ. ನಾಜೂಕು ಗಾಜಾದರೆ ಬೂಷ್ಟು ಹೋದರೂ ಅದರ ನಕ್ಷೆ ಉಳಿಯುತ್ತೆ.

ನಮ್ಮ ಮನೆಯಲ್ಲಿ ಅಪ್ಪನ ಒಂದು ಬೈನಾಕ್ಯುಲರ್ ಇತ್ತು. ಒಳ್ಳೆಯ ಚರ್ಮದ ಪೆಟ್ಟಿಗೆ, ಒಳಗೆ ಕೆಂಪು ಮಕಮಲ್ಲು. ಗೋಡೆಯ ಮೊಳೆಗೆ ತೂಗುಹಾಕಿರುತ್ತಿದ್ದರು. ಒಂದು ವರ್ಷ ಮಳೆ ಮುಗಿದ ಮೇಲೆ ತೆಗೆದರೆ ಪೆಟ್ಟಿಗೆಯಿಂದ ಹಳೇ ಗೋಣಿಚೀಲದ ವಾಸನೆ. ಲೆನ್ಸನ್ನು ಕಿಟಕಿಗೆ ಓರೆಯಾಗಿ ಹಿಡಿದೆ. ಅಂಚಿನಿಂದ ನಡುವಿಗೆ ಬಿಳಿ ಎಳೆಗಳು, ಕವಲೊಡೆದು, ಜೇಡರ ಬಲೆಯ ಹಾಗೆ. ಬಿಚ್ಚಿ ತೊಳೆದೆ. ಎರಡು ಗಾಜು ಚೊಕ್ಕವಾದವು. ಮೂರನೆಯದರಲ್ಲಿ ಎಳೆ ಹೋಯಿತು, ಎಳೆಯ ನೆರಳು ಈಗಲೂ ಇದೆ. ಚರ್ಮದ ಪೆಟ್ಟಿಗೆಯೇ ಬೂಷ್ಟಿನ ತವರು ಅಂತ ಆಮೇಲೆ ಗೊತ್ತಾಯಿತು. ಚರ್ಮ ತೇವ ಹಿಡಿದಿಡುತ್ತೆ, ಬೂಷ್ಟಿಗೆ ಊಟವನ್ನೂ ಕೊಡುತ್ತೆ.

ನೀವು ಮಾಡಬೇಕಾದ್ದು ಹೀಗೆ. ಮುಚ್ಚಳ ಇರುವ ಮರದ ಪೆಟ್ಟಿಗೆ ಅಥವಾ ಹಳೇ ಕಪಾಟಿನ ಒಂದು ಖಾನೆ ತೆಗೆದುಕೊಳ್ಳಿ. ಕೆಳಗೆ 15 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ. ಎಲ್‌ಇಡಿ ಅಲ್ಲ, ಅದು ಬಿಸಿಯಾಗಲ್ಲ. ಬಟ್ಟೆ, ಕಾಗದ ಬಲ್ಬಿಗೆ ತಾಗದ ಹಾಗೆ ದೂರ ಇರಲಿ, ಗಾಳಿಗೆ ಒಂದೆರಡು ತೂತು ಇರಲಿ. ಹೊರಗೆ 20 ಡಿಗ್ರಿ, ತೇವಾಂಶ ಶೇ 95 ಇದ್ದರೆ, ಅದೇ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ತೇವಾಂಶ ಶೇ 52ರ ಹತ್ತಿರಕ್ಕೆ ಇಳಿಯುತ್ತೆ. ಗಾಳಿಯಿಂದ ಒಂದು ಹನಿ ನೀರೂ ತೆಗೆದಿಲ್ಲ, ಸುಮ್ನೆ ಬಿಸಿ ಮಾಡಿದ್ದು. ಬೂಷ್ಟಿಗೆ ಅಷ್ಟು ಒಣ ಗಾಳಿ ಸಾಲುವುದಿಲ್ಲ. ಕರೆಂಟ್ ನಂಬಲಾಗದ ಕಡೆ, ಅಂದರೆ ಮಳೆಗಾಲದ ನಾಪೋಕ್ಲಿನಲ್ಲಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ ಇರಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಬೇಡ, ಓವನ್ನಿನಲ್ಲಿ ಹದವಾಗಿ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಇಡುವ ಹಳೇ ಪದ್ಧತಿ ಕಾಳುಮೆಣಸಿಗೆ ಸರಿ. ಲೆನ್ಸಿಗೆ ಹೊಗೆಯ ಜಿಡ್ಡು ಹಿಡಿಯುತ್ತೆ, ಬೂಷ್ಟಿಗೆ ಅದೇ ಬಾಳೆಲೆ ಹಾಕಿ ಬಡಿಸಿದ ಹಾಗೆ.

ಇಡಿ ಗಾಜಿನ ಬಗ್ಗೆ ನಿಮ್ಮ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ನಿಜ. ಒಹಾರಾದ ಎಫ್‌ಪಿಎಲ್53 ಅದ್ಭುತ ಗಾಜು. ಆಬೆ ಸಂಖ್ಯೆ 95ರ ಹತ್ತಿರ, ಬಹುತೇಕ ಫ್ಲೋರೈಟ್ ಹರಳಿನಷ್ಟೇ. ಅದಕ್ಕೆ ಸರಿಯಾದ ಜೋಡಿ ಸಿಕ್ಕರೆ ನೇರಳೆ ಹೊಗೆ ಹೆಚ್ಚುಕಡಿಮೆ ಮಾಯ. ಆದರೆ ಅದರ ಇಂಡೆಕ್ಸ್ 1.439 ಮಾತ್ರ. ಬಿಕೆ7 ಜೊತೆ ಜೋಡಿಸಿ ನಿಮ್ಮ 100ಕ್ಕೆ 800ರ ಲೆನ್ಸ್ ಲೆಕ್ಕ ಹಾಕಿದೆ. ತ್ರಿಜ್ಯ ಸುಮಾರು 227 ಮಿ.ಮೀ., ಬಾಗಿನ ಆಳ 5.5 ಮಿ.ಮೀ. ಬಾಗು ಹೆಚ್ಚಾದಷ್ಟೂ ಸಣ್ಣ ತಪ್ಪಿಗೂ ಕ್ಷಮೆ ಇಲ್ಲ. ಗಾಜು ಮೆದು, ಬೇಗ ಗೀರಾಗುತ್ತೆ. ಬಿಸಿಗೆ ಹಿಗ್ಗುವುದು ಬಿಕೆ7ಗಿಂತ ಎರಡು ಪಟ್ಟು. ಬಿಸಿ ಕೈಯಿಂದ ತಣ್ಣೀರಿಗೆ ಹಾಕಿದರೆ ಚಟ್ ಅಂತ ಸೀಳಬಹುದು. ಬಿಕೆ7 ಜೊತೆ ಗಟ್ಟಿ ಅಂಟು ಹಾಕಿ ಕೂರಿಸಿದರೆ ಚಳಿಗಾಲದ ರಾತ್ರಿ 15 ಡಿಗ್ರಿ ಇಳಿದಾಗ 80 ಮಿ.ಮೀ. ಲೆನ್ಸಿನಲ್ಲೂ ಎರಡು ಗಾಜಿನ ಅಳತೆಯಲ್ಲಿ 9 ಮೈಕ್ರಾನ್ ವ್ಯತ್ಯಾಸ ಬರುತ್ತೆ, ಅಂಟು ಬಿಡುತ್ತೆ ಅಥವಾ ಗಾಜು ಎಳೆದಾಡುತ್ತೆ. ಬಿಕೆ7 ಮತ್ತು ಎಫ್2 ನಡುವೆ ಅದು 1.3 ಮೈಕ್ರಾನ್. ಬೆಲೆ ಬೇರೆ, ಹಲವು ಪಟ್ಟು. ಐದಾರು ಲೆನ್ಸ್ ಉಜ್ಜಿ ಕೈ ಪಳಗಿದವರಿಗೆ ಅದು. ಮೊದಲ ಲೆನ್ಸಿಗೆ ಇಡಿ ಗಾಜು ತರುವುದು, ಕಾರು ಕಲಿಯಲು ಹೊಸ ಜೀಪು ತಂದು ತಲಕಾವೇರಿ ತಿರುವಿಗೆ ಇಳಿಸಿದ ಹಾಗೆ.

ಸೀಸ. ಎಫ್2ನಲ್ಲಿ ಸೀಸ ಇದೆ, ಸುಳ್ಳಲ್ಲ. ಹೆಸರಿನ ಮುಂದೆ 'ಎನ್' ಇರುವವು ಸೀಸ ಮತ್ತು ಆರ್ಸೆನಿಕ್ ಇಲ್ಲದವು. ಬ್ಯಾನ್ ಅನ್ನುವುದು ಪೂರ್ತಿ ಸರಿಯಲ್ಲ. ಯುರೋಪಿನಲ್ಲಿ ವಿದ್ಯುತ್ ಉಪಕರಣಗಳಲ್ಲಿ ಸೀಸಕ್ಕೆ ನಿರ್ಬಂಧ ಇದ್ದರೂ ಆಪ್ಟಿಕಲ್ ಗಾಜಿಗೆ ವಿನಾಯಿತಿ ಕೊಟ್ಟಿದ್ದಾರೆ. ಸೀಸ ಗಾಜಿನೊಳಗೆ ಕಟ್ಟಿಹಾಕಿಕೊಂಡಿರುತ್ತೆ, ಮುಟ್ಟಿದರೆ ಏನೂ ಆಗಲ್ಲ. ಅಪಾಯ ಉಜ್ಜುವಾಗಿನ ಪುಡಿಯದು. ಆದ್ದರಿಂದ ಯಾವಾಗಲೂ ನೀರು ಹಾಕಿಯೇ ಉಜ್ಜಿ, ಒಣ ಪುಡಿ ಏಳಬಾರದು. ಕೈ ತೊಳೆಯದೆ ಯಾರೂ ಊಟದ ಡಬ್ಬಿ ತೆಗೆಯಬಾರದು. ಉಜ್ಜಿದ ಕೆಸರನ್ನು ತೋಡಿಗೆ, ತೋಟಕ್ಕೆ ಚೆಲ್ಲಬೇಡಿ. ಬಕೆಟ್ಟಿನಲ್ಲಿ ತಳಕ್ಕೆ ಕೂರಲು ಬಿಟ್ಟು, ಕೆಸರನ್ನು ಬೇರೆ ಡಬ್ಬಿಯಲ್ಲಿ ತುಂಬಿಡಿ. ಮಕ್ಕಳಿಗೆ ಕ್ರೌನ್ ಗಾಜು ಕೊಡಿ, ಫ್ಲಿಂಟನ್ನು ನೀವು ಉಜ್ಜಿ. ಅದೂ ಮನಸ್ಸಿಗೆ ಸರಿ ಬರದಿದ್ದರೆ ಸೀಸವಿಲ್ಲದ ಎನ್-ಎಫ್2 ಇದೆ, ಅಂಕಿ ಹೆಚ್ಚುಕಡಿಮೆ ಅದೇ.

ಕುಶಾಲನಗರದ ಅಂಗಡಿ ಗಾಜಿನ ಬಗ್ಗೆ ಒಂದು ಪರೀಕ್ಷೆ ಹೇಳುತ್ತೇನೆ, ನೀವೇ ತೀರ್ಪು ಕೊಡಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ನಡುವೆ ಗಾಜಿನ ತುಂಡು ಹಿಡಿಯಿರಿ. ಒಳ್ಳೆಯ ಆಪ್ಟಿಕಲ್ ಗಾಜಾದರೆ ಕಪ್ಪು ಕಪ್ಪಾಗಿಯೇ ಇರುತ್ತೆ. ಒಳಗೆ ಬಿಗಿತ ಇದ್ದರೆ ಬೆಳಕಿನ ಮೋಡ, ಪಟ್ಟೆ, ಕೆಲವೊಮ್ಮೆ ಬಣ್ಣ ಕಾಣುತ್ತೆ. ಕಿಟಕಿ ಗಾಜನ್ನು ತೀರಾ ನಿಧಾನವಾಗಿ ತಣಿಸುವ ಹಂಗು ಕಾರ್ಖಾನೆಗೆ ಇರುವುದಿಲ್ಲ, ಲೆನ್ಸಿನ ಗಾಜನ್ನು ದಿನಗಟ್ಟಲೆ ತಣಿಸುತ್ತಾರೆ. ಇನ್ನೊಂದು ದೋಷ ಸಕ್ಕರೆ ಪಾಕ ನೀರಿನಲ್ಲಿ ಬೆರೆಯುವಾಗ ಕಾಣುವ ಎಳೆಗಳಂಥದ್ದು. ಅಂಥ ಎಳೆ ಗಾಜಿನಲ್ಲಿ ಇದ್ದರೆ ಎಷ್ಟು ಚೆಂದ ಪಾಲಿಶ್ ಮಾಡಿದರೂ ನಕ್ಷತ್ರಕ್ಕೆ ಬಾಲ ಬರುತ್ತೆ.

ಆದರೆ ಅದೇ ದಪ್ಪ ಗಾಜು ಕನ್ನಡಿಗೆ ನಡೆಯುತ್ತೆ. ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕನ್ನಡಿ ದೂರದರ್ಶಕದಲ್ಲಿ ಬೆಳಕು ಗಾಜಿನ ಒಳಗೆ ಹೋಗುವುದೇ ಇಲ್ಲ, ಮೇಲ್ಮೈಯಿಂದಲೇ ವಾಪಸ್. ಬಣ್ಣದ ಗೊಡವೆ ಇಲ್ಲ. ಉಜ್ಜಬೇಕಾದ್ದು ಒಂದೇ ಮುಖ, ಲೆನ್ಸಿನಲ್ಲಿ ನಾಲ್ಕು. ಹವ್ಯಾಸಿಗಳು ತಲೆಮಾರುಗಳಿಂದ ದಪ್ಪ ಕಿಟಕಿ ಗಾಜಿನಲ್ಲಿ ಕನ್ನಡಿ ಮಾಡಿದ್ದಾರೆ. ಅಲ್ಯೂಮಿನಿಯಂ ಲೇಪನಕ್ಕೆ ಹೊರಗೆ ಕಳಿಸಬೇಕು, ನಮ್ಮ ತೇವದಲ್ಲಿ ಆ ಲೇಪನ ಬೇಗ ಮಂಕಾಗುತ್ತೆ, ಇವೇ ಅದರ ಕಷ್ಟ. ಮಕ್ಕಳಿಗೆ ಸ್ಪೆಕ್ಟ್ರಮ್ ಪಾಠವೂ ಆಗಬೇಕು ಅಂತ ನಿಮ್ಮ ಮನಸ್ಸಿದ್ದರೆ ಲೆನ್ಸೇ ಸರಿ.

ಹಾಗಾದರೆ ಲೆನ್ಸಿಗೆ ನನ್ನ ಸಲಹೆ: ಗಾಜು ಬದಲಿಸಬೇಡಿ, ಅಳತೆ ಬದಲಿಸಿ. ಬಿಕೆ7 ಮತ್ತು ಎಫ್2 ಇರಲಿ. ವ್ಯಾಸ 80 ಮಿ.ಮೀ.ಗೆ ಇಳಿಸಿ, ಸಂಗಮದೂರ 960ಕ್ಕೆ ಏರಿಸಿ. ಅಂದರೆ ವ್ಯಾಸದ 12 ಪಟ್ಟು. ಈಗ ನೋಡಿ ಏನಾಗುತ್ತೆ. ಮುಂದಿನ ಗಾಜಿನ ತ್ರಿಜ್ಯ 430 ಮಿ.ಮೀ., ಬಾಗಿನ ಆಳ 1.9 ಮಿ.ಮೀ. ನಿಮ್ಮ ಎಸ್‌ಕೆ16 ಜೋಡಿಗೆ ಬೇಕಾಗುತ್ತಿದ್ದ ಶ್ರಮಕ್ಕಿಂತ ಇದು ಇನ್ನೂ ಕಡಿಮೆ! ಮುಂದಿನ ಗಾಜಿನ ಎರಡೂ ಮುಖಕ್ಕೆ ಒಂದೇ ಬಾಗು. ಫ್ಲಿಂಟಿನ ಮೊದಲ ಮುಖ ಅದಕ್ಕೆ ಸರಿಯಾಗಿ ಕೂರುವ ಗುಳಿ. ಕೊನೆಯ ಮುಖ ಹೆಚ್ಚುಕಡಿಮೆ ಚಪ್ಪಟೆ, ತ್ರಿಜ್ಯ ಏಳೂವರೆ ಮೀಟರಿಗೂ ಜಾಸ್ತಿ. ಮೂರು ಮುಖಕ್ಕೆ ಒಂದೇ ಅಳತೆಯ ಅಚ್ಚು ಸಾಕು. ಇದು ಲೆಕ್ಕದ ಆರಂಭ, ಕೊನೆಯ ಸಣ್ಣ ತಿದ್ದುಪಡಿ ನಿಮ್ಮ ಸಾಫ್ಟ್‌ವೇರ್ ಮಾಡಲಿ, ಈ ಸಲ ನೇರಳೆಯನ್ನೂ ಸೇರಿಸಿ.

ಬಣ್ಣ ಹೇಗಿರುತ್ತೆ? ಇಂಥ ಜೋಡಿಯಲ್ಲಿ ಹಸಿರಿಗೂ ಕೆಂಪು ನೀಲಿಗೂ ಉಳಿಯುವ ಅಂತರ ಸಂಗಮದೂರದ ಎರಡು ಸಾವಿರದಲ್ಲೊಂದು ಭಾಗದಷ್ಟು. ನಿಮ್ಮ 800ಕ್ಕೆ 0.4 ಮಿ.ಮೀ. ಸಂಗಮದೂರ ವ್ಯಾಸದ 8 ಪಟ್ಟು ಇರುವ ಆ ಲೆನ್ಸ್ ಚಿತ್ರ ಮಸುಕಾಗದೆ ಹಿಂದೆ ಮುಂದೆ ತಡೆದುಕೊಳ್ಳುವುದು 0.07 ಮಿ.ಮೀ. ಮಾತ್ರ. 960ಕ್ಕೆ ಅಂತರ 0.48, ತಡೆದುಕೊಳ್ಳುವುದು 0.16. ಮೊದಲನೆಯದರಲ್ಲಿ ಬಣ್ಣ ಮಿತಿಯ ಆರು ಪಟ್ಟಿನ ಹತ್ತಿರ, ಎರಡನೆಯದರಲ್ಲಿ ಮೂರು ಪಟ್ಟು. ಹಳೆಯ ದೂರದರ್ಶಕದವರ ಒಂದು ಬಾಯಿಲೆಕ್ಕ ಇದೆ: ಆ 8, 12ರ ಪಟ್ಟನ್ನು ಇಂಚಿನಲ್ಲಿ ಅಳೆದ ವ್ಯಾಸದಿಂದ ಭಾಗಿಸಿದರೆ 3ಕ್ಕಿಂತ ಜಾಸ್ತಿ ಬರಬೇಕು. ನಿಮ್ಮದು 2 ಇತ್ತು, ಈಗ 3.8. ಶುಕ್ರನ ಸುತ್ತ ಸ್ವಲ್ಪ ನೇರಳೆ ಉಳಿಯುತ್ತೆ, ಶನಿಯ ಬಳೆ ಸ್ವಚ್ಛವಾಗಿ ಕಾಣುತ್ತೆ. ಬೆಳಕು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಡಿಮೆಯಾಗುತ್ತೆ, ಅದು ನಷ್ಟವೇ. ಡಿಸೆಂಬರಿನ ಕೊಡಗಿನ ಕತ್ತಲು ಅದನ್ನು ಸ್ವಲ್ಪ ತುಂಬಿಕೊಡುತ್ತೆ.

ಗಾಜು ತರಿಸುವಾಗ ಒಂದು ಮಾತು. ಕ್ಯಾಟಲಾಗಿನ ಅಂಕಿಯೇ ನಿಮ್ಮ ಕೈಗೆ ಬರುವ ಗಾಜಿನ ಅಂಕಿ ಅಂತ ನಂಬಬೇಡಿ. ಒಂದೊಂದು ಪಾಕಕ್ಕೂ ನಾಲ್ಕನೇ ದಶಮಾಂಶ ಅತ್ತಿತ್ತ ಆಗುತ್ತೆ, ಬೆಲ್ಲದ ಪಾಕದ ಹಾಗೆ. ಆ ಪಾಕದ ಅಳತೆ ಪತ್ರ ಕೇಳಿ ಪಡೆಯಿರಿ, ಅದರ ಅಂಕಿ ಹಾಕಿ ಲೆಕ್ಕವನ್ನು ಮತ್ತೊಮ್ಮೆ ಮಾಡಿ, ಆಮೇಲೆ ಅಚ್ಚು ಮಾಡಿ. ಬಿಕೆ7, ಎಫ್2 ಜಾತಿಯವು ಪದೇ ಪದೇ ಕರಗಿಸುವ ಗಾಜು, ಸಣ್ಣ ತುಂಡೂ ಸಿಗುತ್ತೆ. ಅಪರೂಪದ ಗಾಜಿಗೆ 'ಇಷ್ಟು ಕಿಲೋ ತೆಗೆದುಕೊಂಡರೆ ಮಾತ್ರ' ಅನ್ನುತ್ತಾರೆ, ಮುಂದಿನ ಪಾಕದ ತನಕ ಕಾಯಿರಿ ಅಂತಲೂ ಅನ್ನುತ್ತಾರೆ.

ಆನೆ ನೋಡಲು ಇದು ಬೇಡ ಮೇಷ್ಟ್ರೇ. ಒಂದು ಮೀಟರ್ ಕೊಳವೆ, ಚಿತ್ರ ತಲೆಕೆಳಗು, ಆನೆ ಅಷ್ಟು ಹೊತ್ತು ನಿಲ್ಲಲ್ಲ. ಅದಕ್ಕೊಂದು ಸಾದಾ ಬೈನಾಕ್ಯುಲರ್ ತಗೊಳ್ಳಿ, ಪಟ್ಟಕ 'ಬಿಎಕೆ4' ಅಂತ ಬರೆದದ್ದು ನೋಡಿ ತಗೊಳ್ಳಿ. ಅಲ್ಲಿ ಮಾತ್ರ ಜಾಸ್ತಿ ಇಂಡೆಕ್ಸಿನಿಂದ ನೇರ ಲಾಭ ಇದೆ. ಬಿಎಕೆ4ರ ಇಂಡೆಕ್ಸ್ 1.569, ಅಂಚಿನಿಂದ ಓರೆಯಾಗಿ ಬರುವ ಬೆಳಕೂ ಪಟ್ಟಕದಿಂದ ಸೋರದೆ ತಿರುಗುತ್ತೆ. ಬಿಕೆ7 ಪಟ್ಟಕದಲ್ಲಿ ಅಂಚು ಸ್ವಲ್ಪ ಕಪ್ಪಾಗುತ್ತೆ. ಚರ್ಮದ ಪೆಟ್ಟಿಗೆ ಕೊಟ್ಟರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಕಕ್ಕಡದಲ್ಲಿ ಶುರು ಮಾಡಬಹುದಾ ಅಂದಿರಿ. ಧಾರಾಳವಾಗಿ ಮಾಡಿ. ಪಾಲಿಶ್ ಮಾಡುವ ರಾಳದ ಹದ ಉಷ್ಣತೆಯ ಮೇಲೆ ನಿಂತಿರುತ್ತೆ. ಏಪ್ರಿಲ್ ಮಧ್ಯಾಹ್ನ ಅದು ಹರಿಯುತ್ತೆ, ಜನವರಿ ಬೆಳಗ್ಗೆ ಕಲ್ಲಾಗುತ್ತೆ. ಮಳೆಗಾಲದಲ್ಲಿ ಮನೆಯೊಳಗೆ ಹಗಲೂ ರಾತ್ರಿ ಉಷ್ಣತೆ ಅಷ್ಟಾಗಿ ಏರುಪೇರಾಗಲ್ಲ. ಉಗುರಿನಿಂದ ಗಟ್ಟಿಯಾಗಿ ಒತ್ತಿದರೆ ನಿಧಾನಕ್ಕೆ ಗುರುತು ಬೀಳುವ ಹದ ಒಮ್ಮೆ ಸಿಕ್ಕಿದರೆ ವಾರಗಟ್ಟಲೆ ಹಾಗೇ ಇರುತ್ತೆ. ದೂಳೂ ಇರಲ್ಲ. ಸಂಜೆ ಕೆಲಸ ನಿಲ್ಲಿಸುವಾಗ ಮಾತ್ರ ಸೀರಿಯಂ ನೀರು (ಪಾಲಿಶ್ ಪುಡಿ ಕಲಸಿದ ನೀರು) ಗಾಜಿನ ಮೇಲೆ ಒಣಗಲು ಬಿಡಬೇಡಿ. ತೊಳೆದು, ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಬಲ್ಬಿನ ಪೆಟ್ಟಿಗೆಗೆ ಹಾಕಿಯೇ ಮಕ್ಕಳನ್ನು ಮನೆಗೆ ಕಳಿಸಿ.